ನಿಷ್ಠೆಗೆ ಪಾಯಿಂಟ್ ಕೊಡ್ತಾರೆ, ಕಲಬುರಗಿಗೆ ವಿಮಾನ ಕೊಡಲ್ಲ

ಇಂಡಿಗೊದ ಬ್ಲೂಚಿಪ್ ಒಳ್ಳೇದಾ, ಏರ್ ಇಂಡಿಯಾದ ಮಹಾರಾಜ ಕ್ಲಬ್ ಒಳ್ಳೇದಾ? ಯಾವ ಕ್ರೆಡಿಟ್ ಕಾರ್ಡ್ ತಗೊಂಡ್ರೆ ಬೇಗ ಪಾಯಿಂಟ್ ಸೇರುತ್ತೆ? ಯಾವ ಹಂತಕ್ಕೆ ಹೋದ್ರೆ ಲಾಂಜ್ ಫ್ರೀ? ಯೂಟ್ಯೂಬ್, ಇನ್‌ಸ್ಟಾಗ್ರಾಮ್ ತೆರೆದರೆ ಇದೇ ಚರ್ಚೆ. ಬೆಂಗಳೂರಿನ ಐಟಿ ಉದ್ಯೋಗಿಗಳಿಗಂತೂ ಇದು ಷೇರು ಮಾರುಕಟ್ಟೆಯಷ್ಟೇ ಗಂಭೀರ ವಿಷಯ ಆಗಿಬಿಟ್ಟಿದೆ.

ಇದೇ ಪ್ರಶ್ನೆಯನ್ನು ಕಲಬುರಗಿಯಲ್ಲಿ ನಿಂತು ಕೇಳಿ. ಸಿಗೋ ಉತ್ತರ ಬೇರೆ: "ಏರ್‌ಪೋರ್ಟ್ ಅದ, ವಿಮಾನ ಎಲ್ಲದರೀ?"

ಲಾಯಲ್ಟಿ ಅಂದರೆ ನಿಷ್ಠೆ. ಎರಡು ಮೂರು ಆಯ್ಕೆ ಇದ್ದು, ಅದರಲ್ಲಿ ಒಂದನ್ನೇ ಪದೇ ಪದೇ ಆರಿಸಿಕೊಂಡರೆ ಅದನ್ನು ನಿಷ್ಠೆ ಅನ್ನಬಹುದು. ಆಯ್ಕೆಯೇ ಇಲ್ಲದವರು ತೋರಿಸೋದು ನಿಷ್ಠೆ ಅಲ್ಲ, ಅನಿವಾರ್ಯತೆ. ಈ ವ್ಯತ್ಯಾಸ ಮನಸ್ಸಲ್ಲಿ ಇಟ್ಟುಕೊಂಡು ದೇಶದ ದೊಡ್ಡ ವಿಮಾನ ಕಂಪನಿಗಳ ಸೇವೆ ಮತ್ತು ಪಾಯಿಂಟ್ ಯೋಜನೆಗಳನ್ನು ಹೋಲಿಸಿದರೆ, ರೀಲ್ಸ್‌ಗಳು ಹೇಳದ ಒಂದಷ್ಟು ಸಂಗತಿ ಕಾಣುತ್ತೆ.

ಯಾರು ಏನು ಕೊಡ್ತಾರೆ

ಮೊದಲು ನೇರ ಹೋಲಿಕೆ ಮಾಡೋಣ.

ಏರ್ ಇಂಡಿಯಾದ ಹಳೆಯ ಯೋಜನೆ ಫ್ಲೈಯಿಂಗ್ ರಿಟರ್ನ್ಸ್. 2024ರಲ್ಲಿ ಅದರ ನಿಯಮ ಬದಲಾಯಿತು, 2025ರಲ್ಲಿ ಹೆಸರೂ ಬದಲಾಗಿ ಮಹಾರಾಜ ಕ್ಲಬ್ ಆಯಿತು. ರೆಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ನಾಲ್ಕು ಹಂತ. ಮೊದಲು ಎಷ್ಟು ದೂರ ಹಾರಿದಿರಿ ಅನ್ನೋದರ ಮೇಲೆ ಪಾಯಿಂಟ್ ಸಿಗ್ತಿತ್ತು. ಈಗ ಎಷ್ಟು ಖರ್ಚು ಮಾಡಿದಿರಿ ಅನ್ನೋದೇ ಅಳತೆ. 2024ರ ಬದಲಾವಣೆಯಲ್ಲಿ ಕೆಳಗಿನ ಹಂತದವರಿಗೆ 100 ರೂಪಾಯಿಗೆ 6 ಪಾಯಿಂಟ್, ಮೇಲಿನ ಹಂತದವರಿಗೆ 10 ಪಾಯಿಂಟ್ ಎಂದಾಯಿತು. ಈ ಯೋಜನೆಯ ದೊಡ್ಡ ಬಲ ಸ್ಟಾರ್ ಅಲಯನ್ಸ್. 2014ರ ಜುಲೈನಿಂದ ಏರ್ ಇಂಡಿಯಾ ಅದರ ಸದಸ್ಯ. ಹಾಗಾಗಿ ಗೋಲ್ಡ್ ಹಂತ ತಲುಪಿದವರಿಗೆ ಲುಫ್ತಾನ್ಸಾ, ಸಿಂಗಪುರ ಏರ್‌ಲೈನ್ಸ್‌ನಂಥ ಕಂಪನಿಗಳಲ್ಲೂ ಲಾಂಜ್, ಮೊದಲು ಬೋರ್ಡಿಂಗ್ ಇತ್ಯಾದಿ ಸೌಲಭ್ಯ ಸಿಗುತ್ತೆ.

ಇಂಡಿಗೊ ಬಹಳ ವರ್ಷ ಇಂಥದ್ದೇನನ್ನೂ ಇಟ್ಟುಕೊಂಡಿರಲಿಲ್ಲ. ಕಡಿಮೆ ದರ, ಸರಿಯಾದ ಸಮಯ, ಇಷ್ಟೇ ಅದರ ಮಂತ್ರ. 2024ರ ಆಗಸ್ಟ್‌ನಲ್ಲಿ ಬ್ಲೂಚಿಪ್ ಘೋಷಿಸಿತು, ಅದರ ಜೊತೆಗೇ ಬಿಸಿನೆಸ್ ದರ್ಜೆಯನ್ನೂ. ಬ್ಲೂ 3, ಬ್ಲೂ 2, ಬ್ಲೂ 1 ಅಂತ ಮೂರು ಹಂತ. ಅದು ಯಾವ ಜಾಗತಿಕ ಒಕ್ಕೂಟದಲ್ಲೂ ಇಲ್ಲ, ಹಾಗಾಗಿ ವಿದೇಶ ಓಡಾಡುವವರಿಗೆ ಉಪಯೋಗ ಕಡಿಮೆ. ಆದರೆ ದೇಶದೊಳಗೆ ಅತಿ ಹೆಚ್ಚು ಊರಿಗೆ ಹೋಗೋದು ಇಂಡಿಗೊವೇ. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಮಂದಿ ಹತ್ತೋದು ಅದರ ವಿಮಾನ. ಗಳಿಸಿದ ಪಾಯಿಂಟ್ ಖರ್ಚು ಮಾಡೋಕೆ ಜಾಗ ಸಿಗೋದೂ ಅಲ್ಲೇ.

ಟಾಟಾ ಗುಂಪಿನದ್ದೇ ಆದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದಾರಿ ಇನ್ನೊಂದು. ಅದು ಟಾಟಾ ನ್ಯೂ ಆ್ಯಪ್‌ನ ನ್ಯೂಕಾಯಿನ್ ಕೊಡುತ್ತೆ. ಒಂದು ನ್ಯೂಕಾಯಿನ್‌ಗೆ ಒಂದು ರೂಪಾಯಿ, ಲೆಕ್ಕ ಸರಳ. ಪಾಯಿಂಟ್‌ನ ಬೆಲೆ ಮೊದಲೇ ಗೊತ್ತಿರೋದು ಇದರ ದೊಡ್ಡ ಗುಣ. ಉಳಿದ ಎರಡರಲ್ಲಿ, ಇವತ್ತು ಇಷ್ಟು ಪಾಯಿಂಟ್‌ಗೆ ಸಿಕ್ಕ ಟಿಕೆಟ್ ನಾಳೆ ಎಷ್ಟಕ್ಕೆ ಸಿಗುತ್ತೆ ಅನ್ನೋದು ಕಂಪನಿಗೇ ಬಿಟ್ಟದ್ದು.

ಸೇವೆಯ ಮಾತು? ಏರ್ ಇಂಡಿಯಾದಲ್ಲಿ ಊಟ ಟಿಕೆಟ್‌ನಲ್ಲೇ ಸೇರಿರುತ್ತೆ, ಇಂಡಿಗೊದಲ್ಲಿ ದುಡ್ಡು ಕೊಟ್ಟು ತಗೋಬೇಕು. ಅದೊಂದು ಬಿಟ್ಟರೆ ಇಕಾನಮಿಯಲ್ಲಿ ಹೋಗುವವರಿಗೆ ಅಂತರ ಕಡಿಮೆ ಆಗ್ತಾ ಬಂದಿದೆ. 2024ರ ಮೇನಲ್ಲಿ ಏರ್ ಇಂಡಿಯಾ ತನ್ನ ಅಗ್ಗದ ಟಿಕೆಟ್‌ನ ಚೆಕ್‌-ಇನ್ ಲಗೇಜನ್ನು 15 ಕೆ.ಜಿ.ಗೆ ಇಳಿಸಿತು. ಇಂಡಿಗೊದಲ್ಲೂ ಅಷ್ಟೇ. ಇತ್ತ ಇಂಡಿಗೊ ಬಿಸಿನೆಸ್ ದರ್ಜೆ ತಂದು ಮೇಲಕ್ಕೆ ಹೋಗ್ತಿದೆ, ಅತ್ತ ಏರ್ ಇಂಡಿಯಾ ಅಗ್ಗದ ಟಿಕೆಟ್‌ನಲ್ಲಿ ಕೆಳಕ್ಕೆ ಬರ್ತಿದೆ. 2024ರ ನವೆಂಬರ್ 12ಕ್ಕೆ ವಿಸ್ತಾರ ಏರ್ ಇಂಡಿಯಾದಲ್ಲಿ ವಿಲೀನ ಆದಮೇಲೆ, ಒಳ್ಳೇ ಸೇವೆಗೆ ಹೆಸರಾಗಿದ್ದ ಒಂದು ಆಯ್ಕೆಯೂ ಹೋಯಿತು. ಈಗ ಹತ್ತು ಪ್ರಯಾಣಿಕರಲ್ಲಿ ಸುಮಾರು ಒಂಬತ್ತು ಮಂದಿ ಈ ಎರಡು ಗುಂಪಿನ ವಿಮಾನಗಳಲ್ಲೇ ಹೋಗ್ತಾರೆ.

ಕೆಲಸಕ್ಕೆಂದು ತಿಂಗಳಿಗೆ ಎರಡು ಮೂರು ಸಲ ಹಾರುವವರಿಗೆ ನೇರ ತೀರ್ಪು ಬೇಕಿದ್ದರೆ ಇಷ್ಟು: ವರ್ಷಕ್ಕೆ ಒಂದೆರಡು ಸಲ ವಿದೇಶಕ್ಕೆ ಹೋಗುವವರಿಗೆ ಮಹಾರಾಜ ಕ್ಲಬ್ ವಾಸಿ. ದೇಶದೊಳಗೇ ಓಡಾಡುವವರಿಗೆ ಬ್ಲೂಚಿಪ್. ಎರಡೂ ಅಪರೂಪ ಅನ್ನುವವರು ಪಾಯಿಂಟ್ ಮರೆತು ಅಗ್ಗದ ಟಿಕೆಟ್ ತಗೊಳ್ಳೋದೇ ಲಾಭ.

ರೀಲ್ಸ್ ಮುಗಿಯೋದು ಇಲ್ಲಿಗೆ. ನಮ್ಮ ಮಾತು ಶುರುವಾಗೋದೇ ಇಲ್ಲಿಂದ.

220 ಕಿಲೋಮೀಟರ್‌ಗೆ ಪಾಯಿಂಟ್ ಇಲ್ಲ

ಕಲಬುರಗಿ ವಿಮಾನ ನಿಲ್ದಾಣಕ್ಕೆ 2008ರಲ್ಲಿ ಶಂಕುಸ್ಥಾಪನೆ ಆಯಿತು. ಖಾಸಗಿ ಸಹಭಾಗಿತ್ವದಲ್ಲಿ ಶಿವಮೊಗ್ಗ ಮತ್ತು ಕಲಬುರಗಿ ಎರಡನ್ನೂ ಕಟ್ಟುವ ಯೋಜನೆ ಅದು. ಅದು ಕುಂಟಿ, ನಿಂತು, ಕೊನೆಗೆ ಲೋಕೋಪಯೋಗಿ ಇಲಾಖೆಯೇ ಕೈಗೆತ್ತಿಕೊಂಡು ಮುಗಿಸಿದ ಮೇಲೆ 2019ರ ನವೆಂಬರ್ 22ಕ್ಕೆ ಉದ್ಘಾಟನೆ ಆಯಿತು. ಸೇಡಂ ರಸ್ತೆಯ ಶ್ರೀನಿವಾಸ ಸರಡಗಿ ಹತ್ತಿರ, ರೈತರ ನೂರಾರು ಎಕರೆ ಜಮೀನಿನ ಮೇಲೆ, ಮೂರು ಕಿಲೋಮೀಟರ್‌ಗೂ ಉದ್ದದ ರನ್‌ವೇ. ದೊಡ್ಡ ಜೆಟ್‌ಗಳು ಇಳಿಯುವಷ್ಟು ಉದ್ದ.

ಆದರೆ ಬಂದದ್ದು ಸಣ್ಣ ವಿಮಾನಗಳು. ಉಡಾನ್ ಯೋಜನೆಯಡಿ ಸ್ಟಾರ್ ಏರ್, ನಂತರ ಅಲಯನ್ಸ್ ಏರ್ ಬೆಂಗಳೂರಿಗೆ ಹಾರಿದವು. ಸ್ಟಾರ್ ಏರ್ ದೆಹಲಿ ಪಕ್ಕದ ಹಿಂಡನ್‌ಗೆ, ತಿರುಪತಿಗೆ ಕೂಡ ವಿಮಾನ ಬಿಟ್ಟಿತು. ಕೆಲವು ವರ್ಷ ಜನ ಖುಷಿಯಿಂದ ಹತ್ತಿದರು. ಆಮೇಲೆ ಒಂದೊಂದಾಗಿ ಕಳಚಿಕೊಂಡವು. ಉಡಾನ್ ನೆರವಿನ ಅವಧಿ ಮುಗಿದ ಮೇಲೆ, 2025ರ ಅಕ್ಟೋಬರ್‌ನಲ್ಲಿ ಸ್ಟಾರ್ ಏರ್ ಬೆಂಗಳೂರು ಹಾರಾಟವನ್ನೂ ನಿಲ್ಲಿಸಿತು. ಇಂಡಿಗೊ ಇಲ್ಲಿಗೆ ಬಂದೇ ಇಲ್ಲ. ಒಂದೇ ಯೋಜನೆಯ ಅವಳಿ ಕೂಸಾಗಿದ್ದ ಶಿವಮೊಗ್ಗದಲ್ಲಿ 2023ರ ಆಗಸ್ಟ್ 31ರಿಂದಲೇ ಇಂಡಿಗೊ ಹಾರಾಟ ಶುರುವಾಯಿತು ಅನ್ನೋದನ್ನೂ ಇಲ್ಲೇ ನೆನಪಿಸಿಕೊಳ್ಳಿ.

ಹಾಗಾಗಿ ಕಲಬುರಗಿಯವರ ನಿಜವಾದ ವಿಮಾನ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಸುಮಾರು 220 ಕಿ.ಮೀ. ದೆಹಲಿಯಲ್ಲಿ ಓದುವ ವಿದ್ಯಾರ್ಥಿ, ಪುಣೆ-ಮುಂಬೈ ಬಿಟ್ಟು ಇನ್ನೂ ದೂರ ದುಡಿಯಲು ಹೋದ ಎಂಜಿನಿಯರ್, ದುಬೈ-ರಿಯಾದ್‌ನಲ್ಲಿ ಡ್ರೈವರ್ ಕೆಲಸ ಮಾಡುವವರು, ಚಿಕಿತ್ಸೆಗೆ ಹೊರಟ ಕುಟುಂಬ, ಎಲ್ಲರ ದಾರಿಯೂ ಅತ್ತಲೇ.

ಕಮಲಾಪುರದಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚ್ಯಂಕ ಪಡೆದ ಈ ತಾಲೂಕು ಕೇಂದ್ರ ಕಲಬುರಗಿ-ಹುಮನಾಬಾದ್ ರಸ್ತೆಯ ಮೇಲಿದೆ. ಜಿಲ್ಲಾ ಕೇಂದ್ರದ ವಿಮಾನ ನಿಲ್ದಾಣಕ್ಕೆ ಹೋಗಬೇಕಂದ್ರೆ ನಗರ ದಾಟಿ ಆಚೆ ಸೇಡಂ ರಸ್ತೆ ಹಿಡಿಯಬೇಕು. ಶಂಶಾಬಾದ್‌ಗೆ ಹೋಗಬೇಕಂದ್ರೆ ಮನೆ ಮುಂದಿನ ರಸ್ತೆಯಲ್ಲೇ ಹುಮನಾಬಾದ್ ಕಡೆ ತಿರುಗಿ, ಅಲ್ಲಿ ಪುಣೆ-ಹೈದರಾಬಾದ್ ಹೆದ್ದಾರಿ ಸೇರಿ, ಜಹೀರಾಬಾದ್, ಸಂಗಾರೆಡ್ಡಿ ದಾಟಿದರಾಯಿತು. ಇನ್ನೊಂದು ದಿಕ್ಕಿನಲ್ಲಿ ಬೀದರ್ ಇದೆ. ಅಲ್ಲೂ ಕಥೆ ಅದೇ: 2020ರ ಫೆಬ್ರುವರಿಯಲ್ಲಿ ಟ್ರೂಜೆಟ್ ಶುರುಮಾಡಿತು, ನಿಂತಿತು. 2022ರಲ್ಲಿ ಸ್ಟಾರ್ ಏರ್ ಬಂತು, 2023ರ ಕೊನೆಗೆ ನಿಂತಿತು. ನಷ್ಟವನ್ನು ರಾಜ್ಯ ಸರ್ಕಾರವೇ ತುಂಬಿಕೊಡುವ ಒಪ್ಪಂದದ ಮೇಲೆ 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು.

ಈಗ ಪಾಯಿಂಟ್ ಲೆಕ್ಕ ಹಾಕೋಣ. ಹೈದರಾಬಾದ್‌ನಿಂದ ದೆಹಲಿಗೆ ಮೂಲ ದರ 5,000 ರೂಪಾಯಿಯ ಟಿಕೆಟ್ ತಗೊಂಡಿರಿ ಅಂತಿಟ್ಟುಕೊಳ್ಳಿ. ನೂರಕ್ಕೆ 6 ಅಂದರೆ 300 ಪಾಯಿಂಟ್. ಒಂದು ಪಾಯಿಂಟ್‌ಗೆ 50 ಪೈಸೆ ಅಂತ ಉದಾರವಾಗಿ ಹಿಡಿದರೂ ಕೈಗೆ ಬಂದದ್ದು 150 ರೂಪಾಯಿ. ಕಮಲಾಪುರದಿಂದ ಶಂಶಾಬಾದ್‌ಗೆ ಕಾರು ಮಾಡಿಕೊಂಡು ಹೋದರೆ ಆಗುವ ಖರ್ಚು ಸಾವಿರಗಳಲ್ಲಿ. ಬಸ್ಸಿಗೆ ಹೋದರೆ ಅರ್ಧ ದಿನ. ಬೆಳಗ್ಗೆ 6ರ ವಿಮಾನ ಇದ್ದರೆ ಹಿಂದಿನ ರಾತ್ರಿಯೇ ಮನೆ ಬಿಡಬೇಕು. ಯಾವ ಲಾಯಲ್ಟಿ ಯೋಜನೆಯ ಯಾವ ಹಂತವೂ ಈ ಖರ್ಚನ್ನು, ಈ ನಿದ್ದೆಯನ್ನು ಲೆಕ್ಕಕ್ಕೆ ತಗೊಳ್ಳಲ್ಲ.

ದೂರ ಬಿಟ್ಟು ಖರ್ಚನ್ನು ಅಳತೆ ಮಾಡಿಕೊಂಡದ್ದರ ಅರ್ಥ ಇಲ್ಲಿ ತಿಳಿಯುತ್ತೆ. ಕಂಪನಿಯ ದುಡ್ಡಲ್ಲಿ ಕೊನೇ ಗಳಿಗೆಯಲ್ಲಿ ದುಬಾರಿ ಟಿಕೆಟ್ ಕೊಳ್ಳುವ ಮ್ಯಾನೇಜರ್ ಬೇಗ ಗೋಲ್ಡ್ ಆಗ್ತಾನೆ. ಮೂರು ತಿಂಗಳ ಮೊದಲೇ ಅಗ್ಗದ ಟಿಕೆಟ್ ಹುಡುಕಿ, ಮೂರು ವರ್ಷಕ್ಕೊಮ್ಮೆ ಸೌದಿಯಿಂದ ಊರಿಗೆ ಬರುವ ಕಾರ್ಮಿಕ ಕೆಳಗಿನ ಹಂತದಲ್ಲೇ ಉಳೀತಾನೆ. ಎಷ್ಟೋ ಸಲ ಟಿಕೆಟ್ ಮಾಡಿಸಿದ್ದು ಏಜೆಂಟ್, ಇವನ ಹೆಸರಲ್ಲಿ ಸದಸ್ಯತ್ವ ಕೂಡ ಇರಲ್ಲ. ಹಾರಿದ ದೂರ ನೋಡಿದರೆ ಆ ಮ್ಯಾನೇಜರ್‌ಗಿಂತ ಅವನೇನೂ ಕಡಿಮೆ ಇಲ್ಲ.

ಪಾಯಿಂಟ್‌ನ ದುಡ್ಡು ಯಾರದ್ದು?

ಪಾಯಿಂಟ್ ಪುಕ್ಕಟೆ ಉಡುಗೊರೆ ಅಂತ ನಾವು ಅಂದುಕೊಂಡಿರ್ತೀವಿ. ಹಾಗಲ್ಲ. ಅದೊಂದು ದೊಡ್ಡ ವ್ಯಾಪಾರ.

ವಿಮಾನ ಕಂಪನಿಗಳು ಬ್ಯಾಂಕ್‌ಗಳ ಜೊತೆ ಸೇರಿ ಕ್ರೆಡಿಟ್ ಕಾರ್ಡ್ ತರ್ತವೆ. ನೀವು ಆ ಕಾರ್ಡ್ ಉಜ್ಜಿದಾಗ ಅಂಗಡಿಯವರು ಬ್ಯಾಂಕ್‌ಗೆ ಒಂದು ಫೀ ಕೊಡ್ತಾರೆ. ಬ್ಯಾಂಕ್ ವಿಮಾನ ಕಂಪನಿಯಿಂದ ಪಾಯಿಂಟ್‌ಗಳನ್ನು ದುಡ್ಡು ಕೊಟ್ಟು ಕೊಂಡು ನಿಮ್ಮ ಖಾತೆಗೆ ಹಾಕುತ್ತೆ. ಅಂದರೆ ವಿಮಾನ ಹಾರಿಸದೆಯೂ ಕಂಪನಿಗೆ ಆದಾಯ. ಅಮೆರಿಕದಲ್ಲಿ ಇದು ಎಷ್ಟು ಬೆಳೆದಿದೆ ಅಂದರೆ, 2020ರ ಕೋವಿಡ್ ಸಮಯದಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ಮೈಲೇಜ್‌ಪ್ಲಸ್ ಯೋಜನೆಯನ್ನೇ ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ಆಗ ಅದರ ಪಾಯಿಂಟ್ ಯೋಜನೆಗೆ ಕಟ್ಟಿದ ಬೆಲೆ ಷೇರುಪೇಟೆಯಲ್ಲಿ ಇಡೀ ಕಂಪನಿಗಿದ್ದ ಬೆಲೆಗಿಂತ ಹೆಚ್ಚು.

ಆ ಫೀ ಕೊನೆಗೆ ಬೀಳೋದು ಯಾರ ಮೇಲೆ? ಅಂಗಡಿಯವರು ಅದನ್ನು ಸಾಮಾನಿನ ಬೆಲೆಯಲ್ಲೇ ಸೇರಿಸ್ತಾರೆ. ಕಾರ್ಡ್ ಉಜ್ಜಿದವರೂ, ನಗದು ಕೊಟ್ಟವರೂ, ಯುಪಿಐ ಮಾಡಿದವರೂ ಕೊಡೋದು ಅದೇ ಬೆಲೆ. ಆದರೆ ಪಾಯಿಂಟ್ ಬರೋದು ಕಾರ್ಡ್ ಇರುವವರಿಗೆ ಮಾತ್ರ. ಕಮಲಾಪುರದ ರಸ್ತೆ ಬದಿಯಲ್ಲಿ ಬಾಳೆಗೊನೆ ಇಟ್ಟುಕೊಂಡು ಕೂತವರು ಯುಪಿಐ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. 2020ರ ಜನವರಿಯಿಂದ ಬ್ಯಾಂಕ್ ಖಾತೆಯ ಯುಪಿಐ ಪಾವತಿಗೆ ಅಂಗಡಿಯವರ ಮೇಲೆ ಫೀ ಇಲ್ಲ, ಹಾಗಾಗಿ ಪಾಯಿಂಟ್ ಕೊಡೋಕೆ ಅಲ್ಲಿ ದುಡ್ಡೂ ಇಲ್ಲ. ಅದೇ ವ್ಯಾಪಾರಿ ಕಲಬುರಗಿಗೆ ಬಂದು ಮಗಳಿಗೆ ಲ್ಯಾಪ್‌ಟಾಪ್ ಕೊಂಡರೆ, ಅದರ ಬೆಲೆಯೊಳಗೆ ಯಾರದೋ ಲಾಂಜ್ ಊಟದ ಒಂದು ಪಾಲು ಇರುತ್ತೆ.

ಇನ್ನೊಂದು ವಿಷಯ. ಆಫೀಸಿನ ದುಡ್ಡಲ್ಲಿ ಹಾರಿದಾಗ ಪಾಯಿಂಟ್ ಯಾರಿಗೆ ಸೇರಬೇಕು? ಖಾಸಗಿ ಕಂಪನಿಗಳಲ್ಲಿ ಸಾಮಾನ್ಯವಾಗಿ ಹಾರಿದವರಿಗೇ. ಕೇಂದ್ರ ಸರ್ಕಾರದ ನಿಯಮ ಬೇರೆ ಹೇಳುತ್ತೆ: ಸರ್ಕಾರಿ ಖರ್ಚಿನ ಪ್ರಯಾಣದಲ್ಲಿ ಬಂದ ಮೈಲೇಜ್ ಪಾಯಿಂಟ್‌ಗಳನ್ನು ಸರ್ಕಾರಿ ಪ್ರಯಾಣಕ್ಕೇ ಬಳಸಬೇಕು. ನಮ್ಮ ತೆರಿಗೆಯಿಂದ ಹಾರುವ ಅಧಿಕಾರಿಗಳು, ಜನಪ್ರತಿನಿಧಿಗಳು ವರ್ಷಕ್ಕೆ ಎಷ್ಟು ಪಾಯಿಂಟ್ ಗಳಿಸಿದರು, ಎಷ್ಟನ್ನು ಸರ್ಕಾರಿ ಟಿಕೆಟ್‌ಗೆ ತಿರುಗಿಸಿದರು ಅಂತ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದಾದ ಪ್ರಶ್ನೆ ಇದು. ಕೇಳುವವರು ಬೇಕು ಅಷ್ಟೇ.

ಕಂಪನಿ ಮುಳುಗಿದರೆ?

ಪಾಯಿಂಟ್ ಅಂದರೆ ಕಂಪನಿ ನಿಮಗೆ ಬರೆದುಕೊಟ್ಟ ಸಾಲದ ಚೀಟಿ. ಬಡ್ಡಿ ಇಲ್ಲ, ಜಾಮೀನು ಇಲ್ಲ, ಬೆಲೆಯನ್ನು ಸಾಲಗಾರನೇ ಬದಲಾಯಿಸಬಹುದು.

ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್‌ನ ಕಿಂಗ್ ಕ್ಲಬ್ ಒಂದು ಕಾಲಕ್ಕೆ ದೇಶದ ಅತ್ಯಂತ ಥಳಕಿನ ಯೋಜನೆ. 2012ರ ಅಕ್ಟೋಬರ್‌ನಲ್ಲಿ ಅದರ ಹಾರಾಟ ನಿಂತಿತು. ನೌಕರರ ಸಂಬಳವೇ ಬಾಕಿ ಇದ್ದಾಗ ಪಾಯಿಂಟ್ ಕೇಳುವವರು ಯಾರು? ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ಕ್ಕೆ ನಿಂತಿತು. ಅದರ ಜೆಟ್‌ಪ್ರಿವಿಲೇಜ್ ಬೇರೆ ಕಂಪನಿಯಾಗಿದ್ದು ಎತಿಹಾದ್ ಬಹುಪಾಲು ಷೇರು ಹೊಂದಿದ್ದರಿಂದ ಇಂಟರ್‌ಮೈಲ್ಸ್ ಎಂಬ ಹೊಸ ಹೆಸರಲ್ಲಿ ಉಳಿಯಿತು. ಅಂದರೆ ವಿಮಾನ ಹೋಯಿತು, ಪಾಯಿಂಟ್ ಉಳಿಯಿತು. ಗೋ ಫಸ್ಟ್ 2023ರ ಮೇನಲ್ಲಿ ನಿಂತಾಗ ಮುಂಗಡ ಟಿಕೆಟ್‌ನ ದುಡ್ಡೇ ದಿವಾಳಿ ಪ್ರಕ್ರಿಯೆಯಲ್ಲಿ ಸಿಕ್ಕಿಹಾಕಿಕೊಂಡಿತು. ವಿಸ್ತಾರದ ಸದಸ್ಯರ ಅದೃಷ್ಟ ಚೆನ್ನಾಗಿತ್ತು, ಅವರ ಪಾಯಿಂಟ್ ಏರ್ ಇಂಡಿಯಾಗೆ ವರ್ಗ ಆಯಿತು.

ಪಾಯಿಂಟ್‌ನ ಬೆಲೆ ಇಳಿಸುವ ಮುನ್ನ ಎಷ್ಟು ದಿನದ ನೋಟಿಸ್ ಕೊಡಬೇಕು ಅಂತ ಹೇಳುವ ಡಿಜಿಸಿಎ ನಿಯಮ ಇಲ್ಲ. ಅಮೆರಿಕದ ಸಾರಿಗೆ ಇಲಾಖೆ 2024ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನಾಲ್ಕು ದೊಡ್ಡ ಕಂಪನಿಗಳಿಗೆ ಪಾಯಿಂಟ್ ಯೋಜನೆಗಳ ವಿವರ ಕೊಡಿ ಎಂದು ಆದೇಶಿಸಿತು. ಹೇಳದೆ ಕೇಳದೆ ಬೆಲೆ ಇಳಿಸುತ್ತೀರಾ, ಗುಪ್ತ ಶುಲ್ಕ ಹಾಕುತ್ತೀರಾ ಎಂಬುದೇ ಅಲ್ಲಿಯ ಪ್ರಶ್ನೆ. ನಮ್ಮಲ್ಲಿ ಆ ಪ್ರಶ್ನೆಯೇ ಇನ್ನೂ ಎದ್ದಿಲ್ಲ.

ಡಿಸೆಂಬರ್ 2025 ಕಲಿಸಿದ್ದು

2025ರ ಡಿಸೆಂಬರ್ ಮೊದಲ ವಾರ ಎಲ್ಲರಿಗೂ ನೆನಪಿದೆ. ಪೈಲಟ್‌ಗಳ ವಿಶ್ರಾಂತಿ ಹೆಚ್ಚಿಸುವ ಹೊಸ ನಿಯಮ ನವೆಂಬರ್ 1ರಿಂದ ಪೂರ್ತಿ ಜಾರಿಗೆ ಬಂತು. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು, ರಾತ್ರಿಯ ಲ್ಯಾಂಡಿಂಗ್ 6ರಿಂದ 2ಕ್ಕೆ ಇಳಿಯಿತು. ನಿಯಮ ಬರುತ್ತೆ ಅಂತ ಮೊದಲೇ ಗೊತ್ತಿದ್ದರೂ ಇಂಡಿಗೊ ಬೇಕಾದಷ್ಟು ಪೈಲಟ್‌ಗಳನ್ನು ಇಟ್ಟುಕೊಂಡಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟ ರದ್ದಾದವು. ಉಳಿದ ಕಂಪನಿಗಳ ಟಿಕೆಟ್ ದರ ಗಗನಕ್ಕೇರಿತು. ಸರ್ಕಾರ ದರಕ್ಕೆ ಮಿತಿ ಹಾಕಬೇಕಾಯಿತು: 500 ಕಿ.ಮೀ. ವರೆಗೆ 7,500 ರೂಪಾಯಿ, 1,500 ಕಿ.ಮೀ. ಮೀರಿದರೆ 18,000.

ಆ ವಾರ ಎರಡು ಸಂಗತಿ ನಡೆದವು. ಒಂದು, ನಿಯಮ ಪಾಲಿಸದ ಕಂಪನಿಗೇ ಡಿಜಿಸಿಎ 2026ರ ಫೆಬ್ರುವರಿ 10ರವರೆಗೆ ವಿನಾಯಿತಿ ಕೊಟ್ಟಿತು. ನೂರಕ್ಕೆ 60ಕ್ಕೂ ಹೆಚ್ಚು ಪಾಲು ಒಂದೇ ಕಂಪನಿಯ ಕೈಲಿದ್ದರೆ ನಿಯಮವೇ ಅದರ ಮುಂದೆ ಬಾಗುತ್ತೆ ಅನ್ನೋದು ಬಯಲಾಯಿತು. ಪೈಲಟ್‌ಗಳ ನಿದ್ದೆ ಅಂದರೆ ಪ್ರಯಾಣಿಕರ ಜೀವ. ಅದನ್ನು ಮುಂದಕ್ಕೆ ಹಾಕಲಾಯಿತು.

ಎರಡು, ತೀವ್ರ ತೊಂದರೆಗೆ ಒಳಗಾದವರಿಗೆ ಇಂಡಿಗೊ 10,000 ರೂಪಾಯಿಯ ವೋಚರ್ ಘೋಷಿಸಿತು. ನಿಯಮದ ಪರಿಹಾರದ ಮೇಲೆ ಇದು ಹೆಚ್ಚುವರಿ. ಆದರೆ ಬಳಸಬೇಕಾದ್ದು ಮುಂದಿನ 12 ತಿಂಗಳಲ್ಲಿ, ಅದೇ ಕಂಪನಿಯ ವಿಮಾನದಲ್ಲಿ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಸೌತ್‌ವೆಸ್ಟ್ ಕಂಪನಿ 16,000ಕ್ಕೂ ಹೆಚ್ಚು ಹಾರಾಟ ರದ್ದು ಮಾಡಿದಾಗಲೂ ಹೀಗೇ 25,000 ಪಾಯಿಂಟ್ ಹಂಚಿತ್ತು. ಅಲ್ಲಿನ ಸರ್ಕಾರ 14 ಕೋಟಿ ಡಾಲರ್ ದಂಡ ಹಾಕಿದ್ದು ಬೇರೆ ಮಾತು. ಕೈಕೊಟ್ಟ ಕಂಪನಿಯೇ "ಮತ್ತೆ ನಮ್ಮ ಹತ್ರಾನೇ ಬನ್ನಿ" ಅಂತ ಚೀಟಿ ಕೊಡುವ ಪದ್ಧತಿ ಇದು.

ಪಾಯಿಂಟ್‌ಗಿಂತ ಮೊದಲು ತಿಳಿದಿರಬೇಕಾದ್ದು ನಮ್ಮ ಹಕ್ಕು. ಡಿಜಿಸಿಎ ನಿಯಮದ ಪ್ರಕಾರ, ಸರಿಯಾದ ಮುನ್ಸೂಚನೆ ಇಲ್ಲದೆ, ಕಂಪನಿಯ ತಪ್ಪಿನಿಂದ ಹಾರಾಟ ರದ್ದಾದರೆ ಪೂರ್ತಿ ಹಣ ವಾಪಸ್ ಅಥವಾ ಬೇರೆ ವಿಮಾನ, ಜೊತೆಗೆ ಪರಿಹಾರ. ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆವರೆಗೆ 7,500, ಅದಕ್ಕೂ ಮೇಲೆ 10,000 ರೂಪಾಯಿ. ಮೂಲ ದರ ಮತ್ತು ಇಂಧನ ಶುಲ್ಕ ಇದಕ್ಕಿಂತ ಕಡಿಮೆ ಇದ್ದರೆ ಅಷ್ಟು ಮಾತ್ರ. ಆರು ಗಂಟೆ ಮೀರಿದ ವಿಳಂಬಕ್ಕೆ ಬೇರೆ ವಿಮಾನ ಅಥವಾ ಪೂರ್ತಿ ಹಣ ಕೇಳಬಹುದು. ಹೆಚ್ಚು ಟಿಕೆಟ್ ಮಾರಿ ಸೀಟು ಇಲ್ಲ ಅಂದರೆ, 24 ಗಂಟೆಯೊಳಗೆ ಬೇರೆ ವಿಮಾನ ಕೊಟ್ಟರೆ 10,000ದವರೆಗೆ, ಅದಕ್ಕಿಂತ ತಡವಾದರೆ 20,000ದವರೆಗೆ. ಮಂಜು, ಮುಷ್ಕರದಂಥ ಕೈಮೀರಿದ ಕಾರಣ ಇದ್ದರೆ ಈ ಪರಿಹಾರ ಇಲ್ಲ. ದೂರಿಗೆ ಏರ್‌ಸೇವಾ ಆ್ಯಪ್ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇದು ಬ್ಲೂ 3ಕ್ಕೂ ಒಂದೇ, ಪ್ಲಾಟಿನಂಗೂ ಒಂದೇ, ಯಾವ ಸದಸ್ಯತ್ವವೂ ಇಲ್ಲದವರಿಗೂ ಒಂದೇ.

ಆದರೆ ಈ ನಿಯಮದಲ್ಲೂ ಕಲಬುರಗಿ ಇಲ್ಲ. ಶಂಶಾಬಾದ್ ತಲುಪಿದ ಮೇಲೆ ವಿಮಾನ ರದ್ದು ಅಂತ ಗೊತ್ತಾದರೆ ಹೈದರಾಬಾದಿನವರು ಮನೆಗೆ ಹೋಗಿ ಮಲಗ್ತಾರೆ. ಕಮಲಾಪುರದವರು? ವಾಪಸ್ ಹೋದರೆ ಮತ್ತೊಮ್ಮೆ ಗಾಡಿ ಖರ್ಚು, ಅಲ್ಲೇ ಉಳಿದರೆ ಲಾಡ್ಜ್ ಖರ್ಚು. ಪರಿಹಾರದ ಲೆಕ್ಕ ಟಿಕೆಟ್ ದರಕ್ಕೆ ಕಟ್ಟಿಹಾಕಿದೆಯೇ ಹೊರತು ಪ್ರಯಾಣಿಕರು ನಿಜವಾಗಿ ಕಳಕೊಂಡದ್ದಕ್ಕೆ ಅಲ್ಲ.

ನಿಷ್ಠೆ ಯಾರು ಯಾರಿಗೆ ತೋರಿಸಬೇಕು?

"ವಿಮಾನ ಅಂದ್ರೆ ಶ್ರೀಮಂತರ ಮಾತು, ಕಲಬುರಗಿಗೆ ಮೊದಲು ರೈಲು ಕೊಡಿ" ಅಂತ ಕೆಲವರು ಹೇಳ್ತಾರೆ. ಅದರಲ್ಲಿ ಹುರುಳಿದೆ. 2014ರಲ್ಲಿ ಘೋಷಣೆಯಾದ ಕಲಬುರಗಿ ರೈಲ್ವೆ ವಿಭಾಗ ಇನ್ನೂ ಕಾಗದದಲ್ಲೇ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ವಂದೇ ಭಾರತ್ ಬಂತು, ಬೆಳಗಿನ ಜಾವ ಹತ್ತಿದರೆ ಮಧ್ಯಾಹ್ನ ಇಳೀಬಹುದು. ಹೆಚ್ಚು ಜನಕ್ಕೆ ಉಪಯೋಗ ಆಗೋದು ರೈಲೇ, ಒಪ್ಪೋಣ. ಆದರೆ ನಮ್ಮ ಜಮೀನು, ನಮ್ಮ ತೆರಿಗೆಯಿಂದ ರನ್‌ವೇ ಕಟ್ಟಿಯಾಗಿದೆ. ಕಟ್ಟಿದ್ದನ್ನು ಖಾಲಿ ಬಿಡೋದು ಬಡವರಿಗೆ ಮಾಡಿದ ಉಪಕಾರ ಅಲ್ಲ.

ಉಡಾನ್‌ನ ಹುಳುಕು ಮೊದಲೇ ಗೊತ್ತಿತ್ತು. ಮೂರು ವರ್ಷ ಸರ್ಕಾರ ನಷ್ಟ ತುಂಬುತ್ತೆ, ಆಮೇಲೆ ಮಾರ್ಗ ತನ್ನ ಕಾಲ ಮೇಲೆ ನಿಲ್ಲಬೇಕು ಅನ್ನೋದು ಯೋಜನೆ. ಮಹಾಲೇಖಪಾಲರ 2023ರ ವರದಿ ಏನು ಹೇಳಿತು? ಮೊದಲ ಮೂರು ಸುತ್ತಲ್ಲಿ ಕೊಟ್ಟ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಅದರಾಚೆಗೂ 2023ರ ಮಾರ್ಚ್ ವೇಳೆಗೆ ಉಳಿದದ್ದು ಬರೀ 54. ಹೀಗಿದ್ದೂ 2025ರ ಕೇಂದ್ರ ಬಜೆಟ್ ಇನ್ನೂ 120 ಊರುಗಳಿಗೆ ಉಡಾನ್ ವಿಸ್ತರಿಸುತ್ತೇವೆ ಅಂದಿತು. ಹೊಸ ಊರಿಗೆ ರಿಬ್ಬನ್ ಕತ್ತರಿಸೋದು ಸುಲಭ, ನಾಲ್ಕನೇ ವರ್ಷ ವಿಮಾನ ಉಳಿಸಿಕೊಳ್ಳೋದು ಕಷ್ಟ.

ಮೂರು ವರ್ಷ ನೆರವು ತಗೊಂಡು ನಾಲ್ಕನೇ ವರ್ಷ ಕಂಪನಿ ಹೊರಟು ಹೋದರೆ, ನಿಷ್ಠೆ ತಪ್ಪಿದ್ದು ಯಾರು? ಪ್ರಯಾಣಿಕರಿಗೆ ಹಂತ ಹಂತದ ನಿಷ್ಠೆ ಕಲಿಸುವ ಉದ್ಯಮಕ್ಕೆ ಊರುಗಳ ಬಗ್ಗೆ ಅಂಥ ಯಾವ ಷರತ್ತೂ ಇಲ್ಲ.

ಹಾಗಾದರೆ ಏನು ಕೇಳಬೇಕು? ನಾಲ್ಕು ಬೇಡಿಕೆ ಸಾಕು.

ಒಂದು, ಸರ್ಕಾರದ ನೆರವು ಪಡೆಯುವ ಪ್ರತಿ ಹಾರಾಟದ ಲೆಕ್ಕ ಬಹಿರಂಗ ಆಗಲಿ: ಎಷ್ಟು ಸೀಟು ತುಂಬಿತು, ಎಷ್ಟು ರದ್ದಾಯಿತು, ಎಷ್ಟು ತಡವಾಯಿತು, ಎಷ್ಟು ದುಡ್ಡು ಕೊಟ್ಟೆವು. ಬೀದರ್‌ನಂತೆ ಕಲಬುರಗಿಗೂ ರಾಜ್ಯವೇ ನಷ್ಟ ತುಂಬುವುದಾದರೆ ಇದು ಮೊದಲ ಷರತ್ತಾಗಬೇಕು.

ಎರಡು, ಹೈದರಾಬಾದ್, ಬೆಂಗಳೂರು, ದೆಹಲಿಯಂಥ ಲಾಭದ ಜಾಗಗಳಲ್ಲಿ ಸ್ಲಾಟ್ ಪಡೆಯುವ ದೊಡ್ಡ ಕಂಪನಿಗಳು ಕಲಬುರಗಿಯಂಥ ಊರಿಗೂ ಇಂತಿಷ್ಟು ವರ್ಷ ಹಾರಲೇಬೇಕು ಎಂಬ ಕಟ್ಟುಪಾಡು ಬರಲಿ. ಸಣ್ಣ ಕಂಪನಿಯ ಹೆಗಲಿಗೆ ಮಾತ್ರ ಆ ಭಾರ ಹೊರಿಸಿದರೆ ಏನಾಗುತ್ತೆ ಅಂತ ಆರು ವರ್ಷದಲ್ಲಿ ನೋಡಿಯಾಯಿತು.

ಮೂರು, ಪಾಯಿಂಟ್‌ಗೂ ಗ್ರಾಹಕ ಹಕ್ಕು ಅನ್ವಯ ಆಗಲಿ. ಬೆಲೆ ಇಳಿಸುವ ಮುನ್ನ ನೋಟಿಸ್, ಕಂಪನಿ ಮುಳುಗಿದರೆ ಪಾಯಿಂಟ್‌ಗೆ ಏನಾಗುತ್ತೆ ಎಂಬ ಸ್ಪಷ್ಟ ನಿಯಮ, ತಪ್ಪಿಗೆ ಪರಿಹಾರ ವೋಚರ್‌ನಲ್ಲಲ್ಲ, ಬ್ಯಾಂಕ್ ಖಾತೆಗೆ.

ನಾಲ್ಕು, ದೂರದಿಂದ ಬರುವವರನ್ನು ನಿಯಮ ಗುರುತಿಸಲಿ. ಹಾರಾಟ ರದ್ದಾದಾಗ ಬಸ್ಸು-ರೈಲಿನ ಟಿಕೆಟ್ ತೋರಿಸಿದವರಿಗೆ ಆ ಖರ್ಚೂ ಸಿಗಲಿ.

ಹೋಲಿಕೆಗೆ ಒಂದು ಉದಾಹರಣೆ ನಮ್ಮ ಮುಂದೆಯೇ ಇದೆ. 2023ರ ಜೂನ್ 11ರಿಂದ ಕಲಬುರಗಿಯ ಮಹಿಳೆಯರು ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ದುಡ್ಡಿಲ್ಲದೆ ಓಡಾಡ್ತಿದ್ದಾರೆ. ಅಲ್ಲಿ ಸಿಲ್ವರ್ ಇಲ್ಲ, ಗೋಲ್ಡ್ ಇಲ್ಲ. ಎಷ್ಟು ಖರ್ಚು ಮಾಡಿದೆ ಅಂತ ಯಾರೂ ಕೇಳಲ್ಲ. ಬಸ್ಸಿನ ರಶ್ಶು, ಬಸ್ಸಿನ ಕೊರತೆ ಬಗ್ಗೆ ನಾವು ಜಗಳ ಆಡ್ತೀವಿ, ಆಡಲೇಬೇಕು. ಆ ಜಗಳ ಆಡೋಕೆ ಸಾಧ್ಯ ಆಗಿರೋದು ಅದನ್ನು ಹಕ್ಕು ಅಂತ ನಾವು ಒಪ್ಪಿಕೊಂಡಿರೋದರಿಂದ. ವಿಮಾನದ ವಿಷಯದಲ್ಲಿ ಮಾತ್ರ ನಾವು ಇನ್ನೂ ಗ್ರಾಹಕರ ಹಾಗೆ ಪಾಯಿಂಟ್ ಎಣಿಸ್ತಾ ಕೂತಿದ್ದೀವಿ.

ಶ್ರೀನಿವಾಸ ಸರಡಗಿಯ ನಿಲ್ದಾಣಕ್ಕೆ ಟಿಕೆಟ್‌ಗಳಲ್ಲಿ ಇವತ್ತಿಗೂ ಇರೋದು ಜಿಬಿಐ ಎಂಬ ಸಂಕೇತ, ಗುಲ್ಬರ್ಗ ಅನ್ನೋ ಹಳೇ ಹೆಸರಿನದ್ದು. ಊರಿನ ಹೆಸರು 2014ರಲ್ಲೇ ಬದಲಾಯಿತು. ಸಂಕೇತ ಹಾಗೇ ಇರಲಿ, ಅಡ್ಡಿಯಿಲ್ಲ. ಆ್ಯಪ್‌ನಲ್ಲಿ ಆ ಮೂರಕ್ಷರ ಒತ್ತಿದರೆ ದಿನಕ್ಕೊಂದಾದರೂ ವಿಮಾನ ತೋರಿಸಬೇಕು. ಮುಂದಿನ ಚುನಾವಣೆಯಲ್ಲಿ ಮತ ಕೇಳಿ ಬರುವವರ ಮುಂದೆ ಕಲಬುರಗಿ, ಕಮಲಾಪುರದ ಯುವಕರು ಮೊಬೈಲ್ ತೆಗೆದು ಆ ಸ್ಕ್ರೀನನ್ನೇ ತೋರಿಸಲಿ.